ಶಿಳ್ಳೆಗೆ ಎಷ್ಟು ಸ್ಟಾರು?

ಬೆಂಗಳೂರಿನಲ್ಲಿ ಶುಕ್ರವಾರ ಮಧ್ಯಾಹ್ನದ ಊಟದ ಹೊತ್ತಿಗೆ ವಿಮರ್ಶಕರು ಹೊಸ ಸಿನಿಮಾದ ಹಣೆಬರಹ ಬರೆದಾಗಿರುತ್ತದೆ. ಬರೆಯುವ ಕ್ರಮವೂ ಗೊತ್ತಿರುವುದೇ. ಮೊದಲು ಇಂಟರ್ವಲ್‌ವರೆಗಿನ ಕಥೆ. ಆಮೇಲೆ ನಾಯಕ ‘ಪಾತ್ರಕ್ಕೆ ಜೀವ ತುಂಬಿದ್ದಾರೆ’, ನಾಯಕಿ ‘ಇದ್ದಷ್ಟು ಹೊತ್ತು ಗಮನ ಸೆಳೆಯುತ್ತಾರೆ’. ಛಾಯಾಗ್ರಹಣ ಕಣ್ಣಿಗೆ ಹಬ್ಬ, ಸಂಕಲನಕಾರರು ಕತ್ತರಿಯನ್ನು ಇನ್ನಷ್ಟು ಆಡಿಸಬಹುದಿತ್ತು. ಕೊನೆಗೆ ಮೂರು ಸ್ಟಾರು. ಎರಡೂವರೆ ಕೊಟ್ಟರೆ ನಿರ್ಮಾಪಕರಿಗೆ ಸಿಟ್ಟು, ಮೂರೂವರೆ ಕೊಟ್ಟರೆ ಓದುಗರಿಗೆ ಅನುಮಾನ. ಮೂರು ಎಲ್ಲರ ಮರ್ಯಾದೆಯನ್ನೂ ಕಾಯುತ್ತದೆ.

ಇದಕ್ಕೂ ಮುಂಚೆ ಒಂದು ವಿಂಗಡಣೆ ನಡೆದಿರುತ್ತದೆ: ಕಮರ್ಷಿಯಲ್ಲೋ, ಆರ್ಟೋ? ಕನ್ನಡ ಚಿತ್ರೋದ್ಯಮದ ಗಾಂಧಿನಗರ ಇದನ್ನು ಕಥೆ ಕೇಳುವಾಗಲೇ ಇತ್ಯರ್ಥ ಮಾಡಿಬಿಡುತ್ತದೆ. ‘ಒಳ್ಳೆ ಸಬ್ಜೆಕ್ಟು ಸಾರ್, ಅವಾರ್ಡ್ ಬರುತ್ತೆ’ ಎಂದು ನಿರ್ಮಾಪಕರು ಹೊಗಳಿದರೆ ನಿರ್ದೇಶಕ ಬೇರೆ ಬಾಗಿಲು ತಟ್ಟಬೇಕು. 1970ರ ‘ಸಂಸ್ಕಾರ’ಕ್ಕೆ ದೇಶದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು. 1972ರ ‘ಬಂಗಾರದ ಮನುಷ್ಯ’ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರ ಬಿಟ್ಟು ಕದಲಲೇ ಇಲ್ಲ. ಎರಡಕ್ಕೂ ಮೂಲ ಕನ್ನಡ ಕಾದಂಬರಿಯೇ. ಆದರೂ ಒಂದನ್ನು ವಿಚಾರ ಸಂಕಿರಣಕ್ಕೆ, ಇನ್ನೊಂದನ್ನು ರಾಜ್ಯೋತ್ಸವದ ಟಿವಿಗೆ ಹಂಚಿಕೊಟ್ಟು ಕೂತಿದ್ದೇವೆ. ಎರಡನೆಯದರಲ್ಲಿ ಕ್ಯಾಮೆರಾ ಎಲ್ಲಿ ನಿಂತಿತ್ತು ಎಂದು ಯಾರೂ ಕೇಳುವುದಿಲ್ಲ. ಮೊದಲನೆಯದು ನೋಡುಗನನ್ನು ಹೇಗೆ ಹಿಡಿದು ಕೂರಿಸುತ್ತದೆ ಎಂದೂ ಕೇಳುವುದಿಲ್ಲ.

ಭರತಮುನಿಗೆ ಈ ಪೇಚು ಇರಲಿಲ್ಲ. ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲೇ ಆತ ವಿನೋದ, ಉಪದೇಶ ಎರಡನ್ನೂ ನಾಟ್ಯದ ಲೆಕ್ಕಕ್ಕೆ ಬರೆದುಬಿಟ್ಟ. ಮುಂದೆ ಪ್ರಯೋಗ ಗೆದ್ದದ್ದು ತಿಳಿಯುವುದು ಹೇಗೆಂದು ಹೇಳುವಾಗ ಎರಡು ಬಗೆಯ ಸಿದ್ಧಿ ಹೇಳುತ್ತಾನೆ. ಜನ ನಗುವುದು, ಭೇಷ್ ಎನ್ನುವುದು, ಎದ್ದು ನಿಲ್ಲುವುದು, ಬಟ್ಟೆ ಎಸೆಯುವುದು, ಇವೆಲ್ಲ ಮಾನುಷೀ ಸಿದ್ಧಿ. ಸದ್ದಿಲ್ಲ, ಕದಲಿಕೆಯಿಲ್ಲ, ಆದರೆ ರಂಗ ತುಂಬಿದೆ ಎಂದರೆ ದೈವಿಕೀ ಸಿದ್ಧಿ. ಆ ‘ತುಂಬಿದೆ’ಯನ್ನು ನಮ್ಮ ಕಲಾಪಕ್ಷದವರು ಅಷ್ಟಾಗಿ ಉಲ್ಲೇಖಿಸುವುದಿಲ್ಲ. ಬಟ್ಟೆ ಎಸೆಯುವ ವಿಷಯವನ್ನು ಅಭಿಮಾನಿ ಸಂಘದವರು ಇನ್ನೂ ಓದಿಲ್ಲ, ಪುಣ್ಯ.

ಅದಕ್ಕಿಂತ ಜಾಣತನದ್ದು ಭರತನ ತೀರ್ಪುಗಾರರ ವ್ಯವಸ್ಥೆ. ಎಲ್ಲ ಬಲ್ಲ ಒಬ್ಬ ವಿಮರ್ಶಕ ಅಲ್ಲಿಲ್ಲ. ನಿಲುವಿನ ಸೌಷ್ಠವಕ್ಕೆ ಬಿಲ್ಲುಗಾರ, ವೇಷಕ್ಕೆ ಚಿತ್ರಕಾರ, ಶೃಂಗಾರಕ್ಕೆ ವೇಶ್ಯೆ, ಸ್ವರತಾಳಕ್ಕೆ ಗಾಯಕ, ಹೀಗೆ ಒಬ್ಬೊಬ್ಬರಿಗೆ ಒಂದೊಂದು. ಫೈಟನ್ನೂ ಹಾಗೆಯೇ ನೋಡಬಹುದು. ಏಟು ಹೊರಟ ಜಾಗ, ಬಿದ್ದ ಜಾಗ ಎರಡೂ ಒಂದೇ ಶಾಟ್‌ನಲ್ಲಿ ಕಾಣುತ್ತವೆಯೇ? ಅರ್ಧರ್ಧ ಸೆಕೆಂಡಿಗೆ ಕಟ್ ಆಗುತ್ತಿದ್ದರೆ ಬಹುಮಟ್ಟಿಗೆ ಏಟು ತಾಗದ್ದನ್ನು ಮುಚ್ಚುತ್ತಿದ್ದಾರೆ. ಇದೇ ಪರೀಕ್ಷೆ ಗಂಭೀರ ಚಿತ್ರಕ್ಕೂ ಇರಲಿ. ಕಿಟಕಿ ಪಕ್ಕ ಅಜ್ಜಿ ಕೂತಿದ್ದಾಳೆ, ಶಾಟ್ ನಲವತ್ತು ಸೆಕೆಂಡು. ಅಷ್ಟರಲ್ಲಿ ಬೆಳಕೋ ನೋಟವೋ ಹೊರಗಿನ ಸದ್ದೋ ನಮ್ಮ ಮನಸ್ಸೋ, ಏನಾದರೂ ಒಂದು ಬದಲಾಗಬೇಕು. ಇಲ್ಲದಿದ್ದರೆ ಅದು ಧ್ಯಾನವಲ್ಲ, ನಿರ್ದೇಶಕರು ಕಟ್ ಹೇಳಲು ಮರೆತದ್ದು. ಕೆ.ಆರ್. ಮಾರ್ಕೆಟ್ಟಿನ ನಡುವೆ ನಿಂತವನ ದನಿ ಹಾಸಿಗೆ ಹೊದ್ದ ಕೋಣೆಯೊಳಗಿಂದ ಬಂದಂತಿದ್ದರೆ ಡಬ್ಬಿಂಗ್ ಕೆಟ್ಟಿದೆ. ಪ್ರಶಸ್ತಿ ಬಂದಿದ್ದರೂ ಕೆಟ್ಟಿದೆ.

ಇಷ್ಟೆಲ್ಲ ಹೇಳುವ ಮುನ್ನ, ಮಾಡಿದ ಸಿನಿಮಾವನ್ನೇ ನೋಡಿದೆವೇ ಎಂಬುದು ಖಾತ್ರಿಯಾಗಬೇಕು. ಪರದೆಯ ನಡುವೆ ಬೆಳಕು 14 ಫುಟ್-ಲ್ಯಾಂಬರ್ಟ್ (ಪರದೆಯ ಹೊಳಪಿನ ಅಳತೆ) ಇರಬೇಕೆಂಬುದು ಡಿಜಿಟಲ್ ಪ್ರದರ್ಶನದ ಮಾನದಂಡ. ಪ್ರೊಜೆಕ್ಟರಿನ ಝೆನಾನ್ ದೀಪ ಹಳತಾಗಿದ್ದರೆ, ಕ್ಯಾಬಿನ್ ಗಾಜಿಗೆ ಧೂಳು ಕೂತಿದ್ದರೆ, ಹಿಂದಿನ ಆಟದ ತ್ರೀಡಿ ಫಿಲ್ಟರ್ ತೆಗೆಯದೆ ಬಿಟ್ಟಿದ್ದರೆ ಅದು ಸಲೀಸಾಗಿ ಅರ್ಧಕ್ಕಿಳಿಯುತ್ತದೆ. ರಾತ್ರಿ ದೃಶ್ಯಗಳು ಕಲಸಿದ ಮಸಿಯಾಗುತ್ತವೆ, ಬೈಗುಳ ಕ್ಯಾಮೆರಾಮನ್‌ಗೆ. ಸದ್ದಿನ ಕಥೆ ಇನ್ನೂ ಸ್ವಾರಸ್ಯ. ಮಾತು, ಸಂಗೀತ, ಸದ್ದುಗಳನ್ನು ಬೆರೆಸಿ ಮಿಕ್ಸಿಂಗ್ ಮಾಡುವವರು ಸದ್ದಿನ ಮಟ್ಟ ಹಿಡಿಯುವ ಡಾಲ್ಬಿ ಪ್ರೊಸೆಸರಿನಲ್ಲಿ 7 ಎಂಬ ಗುರುತಿಗೆ ಹೊಂದಿಸಿ ಮಾಡಿರುತ್ತಾರೆ. ಫೈಟು ಬಂದಾಗ ಕಿವಿ ಹಾರಿಹೋಯಿತೆಂದು ಯಾರೋ ದೂರುತ್ತಾರೆ. ಥಿಯೇಟರಿನವರು 5ಕ್ಕೋ ನಾಲ್ಕೂವರೆಗೋ ಇಳಿಸಿ ಅಲ್ಲೇ ಬಿಡುತ್ತಾರೆ. ಫೈಟು ಆಗಲೂ ಕೇಳುತ್ತದೆ, ಪಿಸುಮಾತು ಮಾಯ. ಪೆಟ್ಟು ಬೀಳುವುದು ಹೆಚ್ಚಾಗಿ ಮೆಲುದನಿಯ ಚಿತ್ರಗಳಿಗೇ. ‘ಸಂಭಾಷಣೆಯಲ್ಲಿ ಸ್ಪಷ್ಟತೆ ಇಲ್ಲ’ ಎಂಬ ಷರಾದಲ್ಲಿ ಎಷ್ಟೋ ಸಲ ಸಂಭಾಷಣೆಕಾರನ ತಪ್ಪೇನೂ ಇರುವುದಿಲ್ಲ.

ಹಾಗಾಗಿ ಕೂರುವ ಜಾಗವೂ ವಿಮರ್ಶೆಯ ಭಾಗವೇ. ಬೆಳ್ಳಿ ಲೇಪದ ಪರದೆಯಾದರೆ ಪಕ್ಕದ ಸೀಟುಗಳಿಗೆ ಚಿತ್ರದ ಒಂದಂಚು ಕಪ್ಪಾಗಿ ಕಾಣುತ್ತದೆ. ಪರದೆಯಿಂದ ಹಿಂದಕ್ಕೆ ಮೂರರಲ್ಲಿ ಎರಡು ಪಾಲು ದೂರ, ನಟ್ಟನಡುವೆ, ಸದ್ದು ನಾಲ್ಕೂ ಕಡೆಯಿಂದ ಹದವಾಗಿ ಬಂದು ಸೇರುವುದು ಅಲ್ಲಿ. ಪ್ರೀಮಿಯರ್ ಶೋನಲ್ಲಿ ಮಾತ್ರ ಆ ಸಾಲು ನಿರ್ಮಾಪಕರ ಬೀಗರಿಗೆ ಮೀಸಲು.