ವಾರಕ್ಕೆ 150 ನಿಮಿಷ

ನಮ್ಮ ಅಕ್ಕ ಆಶಾ ಕಾರ್ಯಕರ್ತೆ. ಯಲಬುರ್ಗಾ ತಾಲೂಕಿನ ಒಂದು ಹಳ್ಳಿಯಲ್ಲಿ. ಊರಿನಲ್ಲಿ ಯಾರಿಗೆ ಎಷ್ಟನೇ ತಿಂಗಳು, ಯಾರ ಬಿಪಿ ಗುಳಿಗೆ ಮುಗಿದಿದೆ, ಯಾರು ಗುಳಿಗೆ ನುಂಗಿದೆ ಅಂತ ಹೇಳಿ ಹಿತ್ತಲಿಗೆ ಎಸೆಯುತ್ತಾರೆ, ಎಲ್ಲ ಅವಳಿಗೆ ಬಾಯಿಪಾಠ. ಇಂಥವಳಿಗೆ ಹಳ್ಳಿ ಜನ ಆರೋಗ್ಯವಾಗಿ ಬದುಕುವುದು ಹೇಗೆ ಅಂತ ಕಲಿಸಲು ಕೊಪ್ಪಳದಲ್ಲಿ ಒಂದು ದಿನದ ತರಬೇತಿ ಇಟ್ಟಿದ್ದರು. ಇಟ್ಟವರು ಯಾರು ಅಂತ ಕೇಳಬೇಡಿ. ಕಲಿಸಲು ಬಂದ ಮೇಡಂ ಪಾಪ ಒಳ್ಳೆಯವರು. ಸ್ಲೈಡುಗಳು ಅವರದ್ದಲ್ಲ, ಮೇಲಿನಿಂದ ಬಂದದ್ದು.

ಪ್ರಯಾಣ ಭತ್ಯೆ ಇಲ್ಲ ಅಂತ ಮೊದಲೇ ಹೇಳಿದ್ದರು. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಫ್ರೀ, ಮತ್ತೆ ಭತ್ಯೆ ಯಾಕೆ? ಲೆಕ್ಕ ಸರಿಯಾಗಿಯೇ ಇದೆ. ಆದರೆ ಅವತ್ತು ಆ ಫ್ರೀ ಬಸ್ಸೇ ಬರಲಿಲ್ಲ. ಬಾರದ ಬಸ್ಸಿಗೆ ದುಡ್ಡು ಕೇಳುವುದೂ ತಪ್ಪೇ ಅಲ್ವಾ? ಅಕ್ಕ ಗುಲಾಬಿ ಸೀರೆಯ ನಿರಿಗೆ ಎತ್ತಿ ಹಿಡಿದು ನನ್ನ ಬೈಕು ಹತ್ತಿದಳು. ಪೆಟ್ರೋಲು ನಂದು.

ಕರೆದುಕೊಂಡು ಹೋದವನು ಹೊರಗೆ ಬಿಸಿಲಲ್ಲಿ ಯಾಕೆ ನಿಲ್ಲಲಿ ಅಂತ ನಾನೂ ಒಳಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಯಾರೂ ಕೇಳಲಿಲ್ಲ. ಇನ್‌ಶರ್ಟ್ ಮಾಡಿದ ಗಂಡಸು ಸಭೆಯ ಹಿಂದೆ ಕೂತರೆ ಅವನು ಯಾವುದೋ ಇಲಾಖೆಯವನು ಅನ್ನುವುದು ನಮ್ಮ ಕಡೆ ಗಟ್ಟಿ ನಂಬಿಕೆ. ನನಗೂ ಒಂದು ಫೈಲು, ಒಂದು ಪೆನ್ನು, ಎದೆಗೊಂದು ಬ್ಯಾಡ್ಜು ಬಂತು. ಹಾಜರಿ ಹಾಳೆಯಲ್ಲಿ ಸಹಿ ಮಾಡಿ ಅಂದರು, ಮಾಡಿದೆ. ಹಾಗಾಗಿ ಜಿಲ್ಲೆಯ ಲೆಕ್ಕದಲ್ಲಿ ಈಗ ಜೀವನಶೈಲಿ ತರಬೇತಿ ಪಡೆದವರಲ್ಲಿ ಈ ಬಡಪಾಯಿ ಅಂಕಣಕಾರನೂ ಒಬ್ಬ.

ನಾಷ್ಟಾಕ್ಕೆ ಒಗ್ಗರಣಿ-ಮಿರ್ಚಿ. ಕೊಪ್ಪಳದಲ್ಲಿ ಕೂತು ಮಿರ್ಚಿಯ ಬಗ್ಗೆ ಕೆಟ್ಟ ಮಾತಾಡುವ ಧೈರ್ಯ ನನಗಿಲ್ಲ. ಗವಿಮಠದ ಜಾತ್ರೆಯ ದಾಸೋಹದಲ್ಲಿ ಲಕ್ಷಗಟ್ಟಲೆ ಮಿರ್ಚಿ ಕರಿಯುವ ಊರು ಇದು. ನಾನೂ ಎರಡು ತಿಂದು ಮೂರನೆಯದಕ್ಕೆ ಕೈ ಚಾಚಿದೆ. ಪೇಪರು ಎಣ್ಣೆ ಹೀರಿ ಹೀರಿ, ಆ ಬದಿಯ ಸುದ್ದಿಯನ್ನು ಈ ಬದಿಯಿಂದಲೇ ಓದಬಹುದಿತ್ತು. ಅಷ್ಟರಲ್ಲಿ ದೀಪ ಆರಿತು, ಪರದೆ ಬೆಳಗಿತು, ಮೊದಲ ಸ್ಲೈಡು ಬಂತು: "ಎಣ್ಣೆಯಲ್ಲಿ ಕರಿದ ಪದಾರ್ಥಗಳನ್ನು ತ್ಯಜಿಸಿ."

ಎಲ್ಲರೂ ತ್ಯಜಿಸಿದೆವು. ಅಂದರೆ ಖಾಲಿ ಪೇಪರನ್ನು ಕುರ್ಚಿಯ ಕೆಳಗೆ ತ್ಯಜಿಸಿದೆವು.

ಎರಡನೆಯ ಸ್ಲೈಡು ಕೈ ತೊಳೆಯುವುದು. ಅಂಗೈ, ಮುಂಗೈ, ಬೆರಳಸಂದು, ಹೆಬ್ಬೆರಳು, ಉಗುರು, ಮಣಿಕಟ್ಟು, ಎಲ್ಲಕ್ಕೂ ಕ್ರಮ ಇದೆ. ಪ್ರಾತ್ಯಕ್ಷಿಕೆಗೆ ಅಂತ ಎದ್ದು ನಲ್ಲಿ ತಿರುಗಿಸಿದರೆ ಬುಸ್ ಅಂತ ಗಾಳಿ ಬಂತು, ಒಂದು ತೊಟ್ಟು ಕೆಂಪು ನೀರು, ಮುಗೀತು. ಮೇಡಂ ಧೃತಿಗೆಡಲಿಲ್ಲ. "ನೀರಿದೆ ಅಂತ ಅಂದುಕೊಳ್ಳಿ" ಅಂದರು. ನಾವೆಲ್ಲ ಇಲ್ಲದ ನೀರಿನಲ್ಲಿ, ಇಲ್ಲದ ಸೋಪು ಹಚ್ಚಿ, ಕೈ ಎತ್ತಿ ಗಾಳಿಯಲ್ಲಿ ಉಜ್ಜಿದೆವು. ಫೋಟೊ ಬಹಳ ಚಂದ ಬಂತು. ಆಮೇಲೆ ನಮ್ಮ ಅಕ್ಕ ಮಿರ್ಚಿಯ ಎಣ್ಣೆ ಕೈಯನ್ನು ಮೆಲ್ಲಗೆ ಸೆರಗಿನ ಒಳಬದಿಗೆ ಒರೆಸಿಕೊಂಡಿದ್ದು ಫೋಟೊದಲ್ಲಿ ಇಲ್ಲ.

ಹಲ್ಲಿನ ಪಾಠ ಬಂತು. ದಿನಕ್ಕೆ ಎರಡು ಸಲ ಹಲ್ಲುಜ್ಜಿ, ಫ್ಲೋರೈಡ್ ಇರುವ ಪೇಸ್ಟನ್ನೇ ಬಳಸಿ ಅಂದರು ಮೇಡಂ. ಯಲಬುರ್ಗಾ, ಕುಷ್ಟಗಿ ಕಡೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ನಕ್ಕಾಗ ಹಲ್ಲು ಕಂಡವು. ಕಂದು ಗೆರೆ, ಹಳದಿ ಮಚ್ಚೆ. ನಮ್ಮ ಕಡೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಬಿಟ್ಟಿಯಾಗಿ ಸಿಗುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೂ ನಡೆಯುತ್ತದೆ ಅನ್ನುತ್ತದೆ ಸರ್ಕಾರದ ಮಾನದಂಡ. ಇದನ್ನು ನಮ್ಮ ಬೋರಿಗೆ ಯಾರೂ ಓದಿ ಹೇಳಿಲ್ಲ. ಮೊದಲು ಹಲ್ಲು ಕೆಡುತ್ತದೆ, ವರ್ಷ ಕಳೆದ ಹಾಗೆ ಮೊಣಕಾಲು, ಬೆನ್ನು. ನಮ್ಮೂರಲ್ಲಿ ಬಾಗಿ ನಡೆಯುವವರನ್ನೆಲ್ಲ ವಯಸ್ಸಾದವರು ಅಂದುಕೊಂಡರೆ ಮೋಸ ಹೋಗುತ್ತೀರಿ.

ಒಬ್ಬಾಕೆ ಎದ್ದು ಕೇಳಿದಳು. "ಮೇಡಂ, ನಮ್ಮೂರ ನೀರಾಗ ಅದು ಜಾಸ್ತಿ ಐತಂತ್ರಿ. ಏನ್ ಮಾಡಬೇಕ್ರಿ?"

ಮೇಡಂ ಸ್ಲೈಡು ಹಿಂದೆ ಮುಂದೆ ಮಾಡಿ ನೋಡಿದರು. "ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ ಕುಡಿಯಿರಿ" ಅಂತ ಒಂದು ಸಿಕ್ಕಿತು. ಅದನ್ನೇ ಓದಿದರು.

ಕುದಿಸಿದರೆ ಕ್ರಿಮಿ ಸಾಯುತ್ತವೆ, ನಿಜ. ಫ್ಲೋರೈಡ್ ಸಾಯುವುದಿಲ್ಲ. ನೀರು ಆವಿಯಾಗಿ ಹೋಗುತ್ತದೆ, ಅದು ಪಾತ್ರೆಯಲ್ಲೇ ಕೂತು ಇನ್ನಷ್ಟು ಗಟ್ಟಿಯಾಗುತ್ತದೆ. ಇದಕ್ಕೆ ಅಂತಲೇ ನಮ್ಮೂರಲ್ಲಿ ಒಂದು ಶುದ್ಧ ನೀರಿನ ಘಟಕ ಇದೆ. 5 ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್. ಈಗ ಕಾಯಿನ್ ಮಾತ್ರ ನುಂಗುತ್ತದೆ. ಅದರ ನೆರಳಿಗೆ ಮಧ್ಯಾಹ್ನ ಎರಡು ಆಡು ಮಲಗುತ್ತವೆ. ಘಟಕದಿಂದ ನಮ್ಮೂರಿಗೆ ಆದ ಉಪಕಾರ ಸದ್ಯ ಅಷ್ಟೇ, ಅದೂ ಆಡಿಗೆ.

ಸಿರಿಧಾನ್ಯದ ಸ್ಲೈಡಿನಲ್ಲಿ ಸಜ್ಜೆ ಅಂತ ಬರೆದು ನವಣೆಯ ಚಿತ್ರ ಹಾಕಿದ್ದರು. ಸಭೆಯಲ್ಲಿ ಅವತ್ತು ಎಲ್ಲರೂ ನಿದ್ದೆಯಿಂದ ಎದ್ದದ್ದು ಆಗಲೇ. ಅದರ ಬಗ್ಗೆ ಇನ್ನೇನೂ ಹೇಳುವುದಿಲ್ಲ.

ಊಟಕ್ಕೆ ಮೊದಲು ಪ್ರಾಣಾಯಾಮ. ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ, ಉಸಿರನ್ನು ಆಳವಾಗಿ ಒಳಗೆಳೆದುಕೊಳ್ಳಿ, ಶುದ್ಧ ಗಾಳಿ ದೇಹದ ಮೂಲೆಮೂಲೆಗೆ ಹೋಗುತ್ತಿದೆ ಅಂತ ಭಾವಿಸಿ. ನೀರಿನ ಹಾಗೆ ಗಾಳಿಯನ್ನೂ ಭಾವಿಸಬೇಕು. ಗಿಣಿಗೇರಿ ಕಡೆಯಿಂದ ಬಂದಿದ್ದ ಒಬ್ಬಾಕೆ ಒಂದು ಕಣ್ಣು ತೆರೆದಳು. ಆ ಕಡೆ ಸ್ಪಾಂಜ್ ಐರನ್ ಕಾರ್ಖಾನೆಗಳಿವೆ. ಹಿರೇಬಗನಾಳ, ಅಲ್ಲಾನಗರದ ಜನರನ್ನು ಕೇಳಿ ನೋಡಿ, ಮಾಳಿಗೆ ಮೇಲೆ ಒಣಹಾಕಿದ ಬಟ್ಟೆ, ಹೊಲದಲ್ಲಿ ಅರಳಿದ ಹತ್ತಿ, ಎಲ್ಲದರ ಮೇಲೂ ಕಪ್ಪು ಬೂದಿ ಕೂರುತ್ತದೆ ಅನ್ನುತ್ತಾರೆ.

"ಮೇಡಂ, ಒಳಗ ಎಳಕೊಳ್ಳದು ಬ್ಯಾಡ್ರಿ. ಬರೇ ಹೊರಗ ಬಿಡೋ ಪ್ರಾಣಾಯಾಮ ಐತೇನ್ರಿ?"

ಇರಲಿಲ್ಲ. ರಕ್ತಹೀನತೆಗೆ ಕಬ್ಬಿಣದ ಗುಳಿಗೆ ಕೊಡುವ ಪಾಠ ಇತ್ತು. ಆಕೆ ಅದಕ್ಕೂ ಪಕ್ಕದವಳ ಕಿವಿಯಲ್ಲಿ ಏನೋ ಅಂದಳು. ಆ ಸಾಲು ಪೂರ್ತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿತು. ರೊಟ್ಟಿ ಮ್ಯಾಗ ದಿನಾ ಬೀಳತೈತಲ್ಲ ಅಂದಳಂತೆ, ಅಕ್ಕ ಆಮೇಲೆ ಹೇಳಿದಳು.

ಮಧ್ಯಾಹ್ನದ ನಂತರ ಮುಖ್ಯವಾದ ವಿಷಯ, ಅಂದರೆ ಫಾರಂ. ಊರಿನಲ್ಲಿ 30 ವರ್ಷ ದಾಟಿದ ಪ್ರತಿಯೊಬ್ಬರಿಗೂ ಒಂದು ಫಾರಂ ತುಂಬಬೇಕು. ಸಕ್ಕರೆ ಕಾಯಿಲೆ, ಬಿಪಿ, ಕ್ಯಾನ್ಸರ್ ಯಾರಿಗೆ ಬರಬಹುದು ಅಂತ ಮೊದಲೇ ಅಂದಾಜು ಮಾಡಲು. ಉದ್ದೇಶ ಒಳ್ಳೆಯದೇ. ವಯಸ್ಸು, ತಂಬಾಕು, ಕುಡಿತ, ಸೊಂಟದ ಅಳತೆ, ಮನೆಯಲ್ಲಿ ಯಾರಿಗಾದರೂ ಕಾಯಿಲೆ ಇದೆಯಾ, ಪ್ರತಿಯೊಂದಕ್ಕೂ ಅಂಕ. ಒಟ್ಟು 4 ದಾಟಿದರೆ ತಪಾಸಣೆಗೆ ಕಳಿಸಬೇಕು. ಇದೊಂದು ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಷ್ಟೂ ಒಳ್ಳೆಯದು. ಹೊಗೆ, ದೂಳಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೀರಾ ಅನ್ನುವ ಪ್ರಶ್ನೆಯೂ ಅದರಲ್ಲಿದೆ.

ಗಿಣಿಗೇರಿಯಾಕೆ ಮತ್ತೆ ಎದ್ದಳು. "ನಾವು ಕಾರ್ಖಾನಿಗೆ ಹೋಗಂಗಿಲ್ರಿ ಮೇಡಂ. ಕಾರ್ಖಾನಿನಾ ನಮ್ಮ ಮನಿಗೆ ಬರತೈತಿ. ಅದಕ್ಕ ಏನಂತ ಬರೀಬೇಕು?"

"ಇಲ್ಲ ಅಂತ ಟಿಕ್ ಮಾಡಿ."

ಆಮೇಲೆ ಬಂತು ನೋಡಿ 150 ನಿಮಿಷ. ವಾರಕ್ಕೆ ಕನಿಷ್ಠ 150 ನಿಮಿಷ ದೈಹಿಕ ಚಟುವಟಿಕೆ ಮಾಡುತ್ತೀರಾ? ದಿನಕ್ಕೆ 30 ನಿಮಿಷ, ವಾರಕ್ಕೆ ಐದು ದಿನ. ಐದು ದಿನ ಅಂದರೆ ಶನಿವಾರ, ಭಾನುವಾರ ರಜೆ ಇರುವ ಚಟುವಟಿಕೆ ಅಂತಾಯಿತು.

ಇಲ್ಲಿ ನಮ್ಮ ಅಕ್ಕ ಎದ್ದಳು. ಕಳೆ ತೆಗೆಯುವುದು, ಕೊಡ ಹೊರುವುದು, ಕಟ್ಟಿಗೆ ತರುವುದು, ಹತ್ತಿ ಬಿಡಿಸುವುದು, ಉದ್ಯೋಗ ಖಾತ್ರಿಯಲ್ಲಿ ಮಣ್ಣು ಹೊರುವುದು, ಇವು ಲೆಕ್ಕಕ್ಕೆ ಬರುತ್ತವೇನ್ರಿ ಅಂತ ಕೇಳಿದಳು.

ಮೇಡಂ ಸ್ವಲ್ಪ ಯೋಚಿಸಿ, "ಅದು ಕೆಲಸ ಅಮ್ಮ. ವ್ಯಾಯಾಮ ಬೇರೆ. ವಾಕಿಂಗ್ ಬರುತ್ತದೆ, ಯೋಗ ಬರುತ್ತದೆ" ಅಂದರು.

ನಾನು ಮನೆಗೆ ಬಂದು ಹುಡುಕಿ ನೋಡಿದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ ಹೊಲದ ಕೆಲಸ, ಮನೆಗೆಲಸ, ನಡೆದು ಹೋಗುವುದು, ಎಲ್ಲವೂ ದೈಹಿಕ ಚಟುವಟಿಕೆಯೇ. ಜಿನೀವಾದಲ್ಲಿ ಸರಿಯಾಗಿಯೇ ಹೊರಟ ಮಾತು. ದಾರಿಯಲ್ಲಿ ಎಲ್ಲೋ, ಬಹುಶಃ ನಮ್ಮ ಫ್ರೀ ಬಸ್ಸಿನಂತೆ, ಕೊಪ್ಪಳದವರೆಗೆ ಬರಲಿಲ್ಲ.

ಅಕ್ಕನಿಗೆ ಮಾತ್ರ ಈ ಉತ್ತರ ಹೊಸದಲ್ಲ. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆ ಆಶಾ ಅನ್ನುವ ಹೆಸರು ಹುಟ್ಟಿದಾಗಿನಿಂದ ಅವಳು ಮಾಡುವುದು ಕೆಲಸ ಅಲ್ಲ, ಸೇವೆ. ಸಿಗುವುದು ಸಂಬಳ ಅಲ್ಲ, ಗೌರವಧನ, ಪ್ರೋತ್ಸಾಹಧನ. ಬಾಣಂತಿ ಆಸ್ಪತ್ರೆಯಿಂದ ಬಂದ ಮೇಲೆ 42ನೇ ದಿನದವರೆಗೆ ಆರು ಸಲ ಮನೆಗೆ ಹೋಗಬೇಕು, ಕೂಸಿನ ತೂಕ ನೋಡಬೇಕು, ಜ್ವರ ನೋಡಬೇಕು, ಅತ್ತೆ ಜೇನುತುಪ್ಪ ನೆಕ್ಕಿಸದಂತೆ ಕಾಯಬೇಕು. ಆರೂ ಮುಗಿದರೆ 250 ರೂಪಾಯಿ. ಸಲಕ್ಕೆ 41 ರೂಪಾಯಿ ಚಿಲ್ಲರೆ. ಈ ಸೊಂಟ ಅಳೆಯುವ ಫಾರಮಿಗೆ ಕೇಂದ್ರದ ಮಾರ್ಗಸೂಚಿಯಲ್ಲಿ ಇಟ್ಟದ್ದು ತಲೆಗೆ 10 ರೂಪಾಯಿ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾಗಳಿಗೆಲ್ಲ ಸೇರಿಸಿ ದೊಡ್ಡ ಪ್ರಶಸ್ತಿ ಕೊಟ್ಟಿತು. ಅಕ್ಕ ಅವತ್ತು ಅದನ್ನು ಮೊಬೈಲಿನಲ್ಲೇ ನೋಡಿದಳು, ರೀಚಾರ್ಜ್ ಅವಳದೇ. 2025ರ ಜನವರಿಯಲ್ಲಿ ಇವರೆಲ್ಲ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಹಗಲುರಾತ್ರಿ ಕೂತ ಮೇಲೆ, ತಿಂಗಳಿಗೆ ಕನಿಷ್ಠ 10 ಸಾವಿರ ಕೈಗೆ ಬರುತ್ತದೆ ಅನ್ನುವ ಭರವಸೆ ಸಿಕ್ಕಿತು. ಅಂತೂ ಹೆಂಗಸು ಮಾಡಿದ್ದು ಸಂಬಳ ಕೇಳಿದಾಗ ಸೇವೆ, ವ್ಯಾಯಾಮ ಅಂದಾಗ ಕೆಲಸ.

ಸಂಜೆ ಅಭಿಪ್ರಾಯದ ಹಾಳೆ ಕೊಟ್ಟರು. ತರಬೇತಿ ಹೇಗಿತ್ತು? ಎರಡು ಚೌಕ: ಉತ್ತಮ, ಅತ್ಯುತ್ತಮ. ನಾನು ಎರಡರ ನಡುವೆ ಗೆರೆ ಎಳೆದೆ. ಅಕ್ಕ ನನ್ನ ಹಾಳೆ ಕಸಿದುಕೊಂಡು "ಸುಮ್ನಿರೋ, ನನ್ನ ಹೆಸರು ಕೆಡಿಸಬ್ಯಾಡ" ಅಂತ ಅತ್ಯುತ್ತಮಕ್ಕೆ ಟಿಕ್ ಹಾಕಿದಳು.

ಮರುದಿನ ಅಕ್ಕ ಮೊದಲ ಫಾರಂ ಮನೆಯಲ್ಲೇ ಶುರು ಮಾಡಿದಳು. ನಮ್ಮವ್ವನದು. ಅವ್ವ ಹೊಸ್ತಿಲ ಹತ್ತಿರ ಕೂತು ಶೇಂಗಾ ಸುಲಿಯುತ್ತಿದ್ದಳು. ವಯಸ್ಸು 60 ದಾಟಿದೆ, ಅದಕ್ಕೇ ನಾಲ್ಕು ಅಂಕ. ಹುಟ್ಟಿದ ತಪ್ಪಿಗೆ ಹತ್ತಿರ ಹತ್ತಿರ ನಪಾಸು. ಸೊಂಟಕ್ಕೆ ಟೇಪು ಸುತ್ತಲು ಹೋದರೆ "ಜಂಪರ್ ಹೊಲಸ್ತಿಯೇನವ್ವಾ?" ಅಂತ ಕೇಳಿದಳು. 80 ಸೆಂಟಿಮೀಟರ್ ಒಳಗೇ ಇತ್ತು, ಅದಕ್ಕೆ ಸೊನ್ನೆ. ಎಲೆ-ಅಡಿಕೆ ಜೊತೆ ಚೂರು ತಂಬಾಕು ಹಾಕುತ್ತಾಳೆ, ಹಲ್ಲು ನೋವಿಗೆ. ಅದು ದಿನಾ, ಹಾಗಾಗಿ ಎರಡು. ಹಲ್ಲು ಯಾಕೆ ನೋಯುತ್ತದೆ ಅನ್ನುವುದಕ್ಕೆ ಫಾರಮಿನಲ್ಲಿ ಕಾಲಂ ಇಲ್ಲ.

"ಅವ್ವಾ, ವಾರಕ್ಕ ನೂರಾಐವತ್ತು ನಿಮಿಷ ಮೈ ದಣಿಸ್ತಿಯೇನು?"

ಅವ್ವ ಶೇಂಗಾ ಸುಲಿಯುವುದು ನಿಲ್ಲಿಸಲಿಲ್ಲ. "ವಾರದಾಗ ಎಷ್ಟು ನಿಮಿಷ ಕುಂತಿದ್ದೆ ಅಂತ ಕೇಳು. ಅದಾದ್ರ ಎಣಿಸಿ ಹೇಳ್ತೀನಿ."

ಅಂಕ ಆರು. ತಪಾಸಣೆಗೆ ಕಳಿಸಲೇಬೇಕು. ಪಕ್ಕದೂರಿನ ಉಪಕೇಂದ್ರಕ್ಕೆ ಈಗ ಹೊಸ ಹೆಸರು, ಆಯುಷ್ಮಾನ್ ಆರೋಗ್ಯ ಮಂದಿರ. ಅವ್ವ ತಲೆ ಮೇಲೆ ಸೆರಗು ಹೊದ್ದು, ಕೈಯಲ್ಲಿ ಚೀಟಿ ಹಿಡಿದು ನಡೆದೇ ಹೋದಳು. ಬಾಗಿಲಿಗೆ ಬೀಗ. ಅಲ್ಲಿಯವರು ಕೊಪ್ಪಳಕ್ಕೆ ಹೋಗಿದ್ದರಂತೆ, ತರಬೇತಿಗೆ. ಮಂದಿರ ಅಂತ ಬರೆದಿದ್ದಾರೆ, ಇಷ್ಟು ದೂರ ಬಂದು ಸುಮ್ನೆ ಹೋಗುವುದು ಹೇಗೆ ಅಂತ ಹೊರಗೇ ನಿಂತು ಕೈ ಮುಗಿದು ವಾಪಸ್ ಬಂದಳು.

ಹೋಗಿ ಬರಲು ಎಷ್ಟು ಹೊತ್ತಾಯಿತು ಅಂತ ಅಕ್ಕ ಕೇಳಿದಳು. ನಲವತ್ತು ನಿಮಿಷ ಆಗಿರಬೇಕು ಅಂದೆ. ವಾಕಿಂಗ್ ಬರುತ್ತದೆ ಅಂತ ಮೇಡಂ ಹೇಳಿದ್ದರಲ್ಲ, ಅಕ್ಕ ಬರೆದುಕೊಂಡಳು. ಈ ವಾರಕ್ಕೆ ಅವ್ವನದು ಇನ್ನು 110 ಬಾಕಿ.