‘ಮದುವೆವರೆಗೆ ಬೇಡ’ ಎಂಬ ಒಂದೇ ಪಾಠಕ್ಕೆ ಸರ್ಕಾರದ ದುಡ್ಡು ಯಾಕೆ?

ಪ್ರೌಢಶಾಲೆಯಲ್ಲಿ ಲೈಂಗಿಕ ಶಿಕ್ಷಣ ಅಂದರೆ ಸಾಕು, ನಮ್ಮ ಧಾರವಾಡ, ಗದಗ, ಹಾವೇರಿ ಕಡೆ ಒಂದು ಮಾತು ಬಂದೇ ಬರುತ್ತದೆ: “ಕಲಸೂದಿದ್ರ ಸಂಯಮ ಕಲಸ್ರಿ, ಉಳಿದದ್ದೆಲ್ಲಾ ಬ್ಯಾಡ.” ಈ ಮಾತಿನ ಹಿಂದಿನ ಕಾಳಜಿ ನಿಜವಾದದ್ದೇ. ಆದರೆ ಸಂಯಮವನ್ನಷ್ಟೇ ಹೇಳುವ ತರಗತಿಗೆ ತೆರಿಗೆ ಹಣ ಸುರಿದರೆ ಏನಾಗುತ್ತದೆ ಎಂಬುದನ್ನು ಅಮೆರಿಕ ಆಗಲೇ ಮಾಡಿ ನೋಡಿದೆ.

1996ರ ಕಾಯ್ದೆಯಡಿ ಅಲ್ಲಿನ ಕೇಂದ್ರ ಸರ್ಕಾರ ಇದಕ್ಕೆಂದೇ ವರ್ಷಕ್ಕೆ 5 ಕೋಟಿ ಡಾಲರ್ ತೆಗೆದಿಟ್ಟಿತು. ಕೇಂದ್ರದ ಪ್ರತಿ 4 ಡಾಲರ್‌ಗೆ ರಾಜ್ಯಗಳು 3 ಡಾಲರ್ ಸೇರಿಸಬೇಕಿತ್ತು. ಏನು ಕಲಿಸಬೇಕು ಎಂಬುದಕ್ಕೆ 8 ಅಂಶಗಳ ಷರತ್ತೂ ಇತ್ತು. ಕ್ಯಾಲಿಫೋರ್ನಿಯಾ ಈ ದುಡ್ಡನ್ನೇ ಮುಟ್ಟಲಿಲ್ಲ. 2004ರಲ್ಲಿ ಸಂಸತ್ತಿನ ಸದಸ್ಯ ಹೆನ್ರಿ ವ್ಯಾಕ್ಸ್‌ಮನ್ ತರಿಸಿದ ವರದಿ 13 ಪಠ್ಯಗಳನ್ನು ಪರಿಶೀಲಿಸಿತು. 11ರಲ್ಲಿ ತಪ್ಪು ಮಾಹಿತಿ ಸಿಕ್ಕಿತು. ಬೆವರು, ಕಣ್ಣೀರಿನಿಂದಲೂ ಎಚ್‌ಐವಿ ಅಪಾಯವಿದೆ ಎಂದು ಒಂದು ಪಠ್ಯ ಮಕ್ಕಳನ್ನು ಹೆದರಿಸಿತ್ತು. 2007ರಲ್ಲಿ ಸರ್ಕಾರವೇ ಮಾಡಿಸಿದ ಅಧ್ಯಯನ ಇಂಥ ನಾಲ್ಕು ಕಾರ್ಯಕ್ರಮಗಳನ್ನು ಅಳೆಯಿತು. ಪಾಠ ಕೇಳಿದವರು, ಕೇಳದವರು ಎರಡೂ ಗುಂಪಿನಲ್ಲಿ ಸಂಯಮದಿಂದ ಉಳಿದವರ ಪ್ರಮಾಣ ಸುಮಾರು ಅರ್ಧ. ಮೊದಲ ಸಂಪರ್ಕದ ಸರಾಸರಿ ವಯಸ್ಸೂ ಎರಡರಲ್ಲೂ 14.9 ವರ್ಷ. ಅಷ್ಟೆಲ್ಲ ದುಡ್ಡು ಹೋಗಿ ನಡವಳಿಕೆ ಇದ್ದಲ್ಲೇ ಇತ್ತು.

ಅದೇ 2007ರಲ್ಲಿ ನಮ್ಮ ರಾಜ್ಯ, 2005ರಲ್ಲಿ ಬಂದಿದ್ದ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ನಿಲ್ಲಿಸಿತು. 2009ರಲ್ಲಿ ರಾಜ್ಯಸಭೆಯ ಅರ್ಜಿಗಳ ಸಮಿತಿ, ಮದುವೆಗೆ ಮುಂಚೆ ಲೈಂಗಿಕ ಸಂಪರ್ಕ ಬೇಡ ಎಂಬ ಸಂದೇಶವೇ ಮಕ್ಕಳಿಗೆ ಹೋಗಬೇಕು ಅಂದಿತು. 2025ರ ಮಾರ್ಚ್‌ನಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪ 8ರಿಂದ 12ನೇ ತರಗತಿಗೆ ವಾರಕ್ಕೆ ಎರಡು ಸಲ ಲೈಂಗಿಕ ಶಿಕ್ಷಣ ಕೊಡುವುದಾಗಿ ಪ್ರಕಟಿಸಿದರು. ಆ ತರಗತಿಯೊಳಗೆ ಏನು ನಡೆಯುತ್ತದೆ ಎಂಬುದೇ ಈಗಿನ ಪ್ರಶ್ನೆ.

‘ಮದುವೆವರೆಗೆ ತಡೆದುಕೋ’ ಎಂಬ ಪಾಠ ನಮ್ಮ ಭಾಗದಲ್ಲಿ ಎಡವುವುದು ಮದುವೆಯಲ್ಲೇ. ಹತ್ತನೇ ತರಗತಿ ಮುಗಿಯುತ್ತಲೇ ಬೇಸಿಗೆ ರಜೆಯಲ್ಲಿ ಲಗ್ನ ಮಾಡಿ ಕಳಿಸಿದ ಹುಡುಗಿಗೆ ಆ ಪಾಠದಲ್ಲಿ ಏನೂ ಇಲ್ಲ. ಅವಳು ಹೇಳಿದ ಹಾಗೇ ಕೇಳಿದ್ದಾಳೆ, ತಾಳಿ ಕಟ್ಟುವತನಕ ಕಾದಿದ್ದಾಳೆ. ಕರ್ನಾಟಕದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲ ದಿನದಿಂದಲೇ ಅಸಿಂಧು. 18 ತುಂಬದ ಹೆಂಡತಿಯ ಜೊತೆಗಿನ ಸಂಪರ್ಕವೂ ಅತ್ಯಾಚಾರವೇ ಎಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಇದನ್ನು ಅವಳಿಗೆ ಹೇಳುವವರು ಯಾರು? ‘ಹುಡುಗಿ ದಾರಿ ತಪ್ಪುವ ಮೊದಲು ಲಗ್ನ ಮಾಡಿಬಿಡೋಣ’ ಅನ್ನುವ ತಂದೆ–ತಾಯಿಗೆ ಸಂಯಮದ ಪಾಠ ಇನ್ನಷ್ಟು ಅವಸರವನ್ನೇ ಹುಟ್ಟಿಸುತ್ತದೆ.

ಭಯವೊಂದನ್ನೇ ಕಲಿತ ಹುಡುಗಿ ಗರ್ಭಿಣಿಯಾದರೆ ಮುಚ್ಚಿಡುತ್ತಾಳೆ, ಇಲ್ಲವೇ ಯಾರದೋ ಕೈಯಲ್ಲಿ ಮೆಡಿಕಲ್ ಶಾಪಿನಿಂದ ಗುಳಿಗೆ ತರಿಸಿ ನುಂಗುತ್ತಾಳೆ. ತಿಂಗಳು ಎಷ್ಟಾಗಿದೆ ಎಂದು ಗೊತ್ತಿಲ್ಲದೆ, ವೈದ್ಯರಿಗೆ ತೋರಿಸದೆ ನುಂಗಿದ ಗುಳಿಗೆಯಿಂದ ಅರ್ಧಂಬರ್ಧ ಗರ್ಭಪಾತವಾಗಿ, ರಕ್ತಸ್ರಾವ ನಿಲ್ಲದೆ ಆಸ್ಪತ್ರೆ ಸೇರಬೇಕಾಗುತ್ತದೆ. ಕಾನೂನಿನಲ್ಲಿ ದಾರಿ ಇದೆ. ಪೋಷಕರ ಲಿಖಿತ ಒಪ್ಪಿಗೆಯಿದ್ದರೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ, ಅಪ್ರಾಪ್ತೆಗೆ 24 ವಾರದವರೆಗೆ ಇಬ್ಬರದು ಸಾಕು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯ ಪ್ರಕಾರ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ಆದರೆ ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ ಹೆಸರು, ಗುರುತು ಕೊಡಬೇಕಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 18ರೊಳಗೆ ‘ಇಬ್ಬರಿಗೂ ಒಪ್ಪಿಗೆ ಇತ್ತು’ ಎಂಬ ಮಾತು ನಿಲ್ಲುವುದಿಲ್ಲ ಎಂಬುದನ್ನೂ ಹುಡುಗರಿಗೆ ನೇರವಾಗಿ ಹೇಳಬೇಕು.

ಹುಡುಗರ ಸಂಕಟ ಬೇರೆ. ನಿದ್ದೆಯಲ್ಲಿ ವೀರ್ಯ ಹೋಗುವುದು ಸಹಜ ಎಂದು ಒಂದು ಮಾತು ಹೇಳದ ಊರಿನಲ್ಲಿ, ಬಸ್ ಸ್ಟ್ಯಾಂಡಿನ ಗೋಡೆಯ ‘ಗುಪ್ತರೋಗ’ ಜಾಹೀರಾತೇ ಅವರ ಪಠ್ಯ.

ಪುಸ್ತಕದ ಕೊರತೆ ನಮಗಿಲ್ಲ. ಹತ್ತನೇ ತರಗತಿಯ ವಿಜ್ಞಾನದಲ್ಲಿ ಸಂತಾನೋತ್ಪತ್ತಿಯ ಅಧ್ಯಾಯವಿದೆ. ಕಾಂಡೋಮ್, ಕಾಪರ್‌–ಟಿ, ಎಚ್‌ಐವಿ ಎಲ್ಲವೂ ಅದರಲ್ಲಿವೆ. ಚಿತ್ರ ಬರೆಸಿ, ಭಾಗ ಗುರುತಿಸಿ, ಉಳಿದದ್ದನ್ನು ‘ಮನೆಯಲ್ಲಿ ಓದಿಕೊಳ್ಳಿ’ ಅಂದರೆ ಮುಗಿಯಿತು. ಕೇಂದ್ರ ಸರ್ಕಾರದ 2020ರ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಶಾಲೆಗೆ ಇಬ್ಬರು ಶಿಕ್ಷಕರು, ವಾರಕ್ಕೊಂದು ತಾಸು ಎಂದಿದೆ. ದುಡ್ಡು ಹೋಗಬೇಕಾದದ್ದು ಈ ಇಬ್ಬರ ತರಬೇತಿಗೆ. ಗಂಟಲು ಒಣಗದೆ ‘ಮುಟ್ಟು’, ‘ಶಿಶ್ನ’, ‘ಯೋನಿ’ ಅನ್ನುವ ಅಭ್ಯಾಸವೇ ಮೊದಲ ದಿನದ ಕೆಲಸವಾಗಬೇಕು.

ಪ್ರಶ್ನೆಪೆಟ್ಟಿಗೆ ಇಡುವುದಾದರೆ ಸ್ಟಾಫ್‌ ರೂಮಿನ ಬಾಗಿಲಿಗೆ ಇಡಬೇಡಿ, ಅಲ್ಲಿ ಯಾರೂ ಚೀಟಿ ಹಾಕುವುದಿಲ್ಲ. ತರಗತಿಯಲ್ಲೇ ಎಲ್ಲರಿಗೂ ಒಂದೇ ಅಳತೆಯ ಚೀಟಿ ಕೊಟ್ಟು, ಪ್ರಶ್ನೆ ಇಲ್ಲದವರೂ ಒಂದು ಸಾಲು ಏನಾದರೂ ಬರೆದು ಮಡಚಿ ಹಾಕಲಿ. ಯಾರು ಕೇಳಿದರು ಎಂದು ಗೊತ್ತಾಗುವುದಿಲ್ಲ. ಅಕ್ಷರದ ಗುರುತು ಹಿಡಿಯದ ಹೊರಗಿನವರು, ಉದಾಹರಣೆಗೆ ಪಿಎಚ್‌ಸಿ ವೈದ್ಯರು, ಅದನ್ನು ಓದಿ ಮುಂದಿನ ವಾರ ಉತ್ತರಿಸಲಿ. ಮೊದಲೆರಡು ತಾಸು ಹುಡುಗ–ಹುಡುಗಿಯರನ್ನು ಬೇರೆ ಕೂರಿಸಿದರೆ ಬಾಯಿ ಬಿಡುತ್ತಾರೆ. ಮುಟ್ಟಿನ ಪಾಠ ಮಾತ್ರ ಹುಡುಗರಿಗೂ ಆಗಲೇಬೇಕು. ಸಂಯಮವನ್ನೂ ಹೇಳಿ, ಮೊದಲೇ ಹೇಳಿ. ತಡ ಮಾಡುವುದು ಎಲ್ಲಕ್ಕಿಂತ ಸುರಕ್ಷಿತ ಎಂಬುದು ಸತ್ಯವೇ. ಅದರ ಜೊತೆಗೆ, ಕಾಂಡೋಮ್ ಪ್ರತಿ ಸಲ ಸರಿಯಾಗಿ ಬಳಸಿದರೆ ವರ್ಷಕ್ಕೆ 100ರಲ್ಲಿ ಸುಮಾರು 2 ಮಂದಿ ಗರ್ಭಿಣಿಯರಾಗಬಹುದು, ಜನ ಸಾಮಾನ್ಯವಾಗಿ ಬಳಸುವ ರೀತಿಯಲ್ಲಿ 13 ಎಂಬುದನ್ನೂ ಹೇಳಿ.

ಮುಂದಿನ ಮಕ್ಕಳ ಗ್ರಾಮಸಭೆಯಲ್ಲಿ, ಎಸ್‌ಡಿಎಂಸಿ ಸಭೆಯಲ್ಲಿ ಮೂರು ವಿಷಯ ಕೇಳಿ. ನಮ್ಮ ಶಾಲೆಯ ಆ ಇಬ್ಬರು ಶಿಕ್ಷಕರು ಯಾರು, ತರಬೇತಿ ಆಗಿದೆಯೇ? ಹದಿಹರೆಯದವರಿಗೆಂದೇ ಸರ್ಕಾರಿ ಆಸ್ಪತ್ರೆಯಲ್ಲಿರುವ ಸ್ನೇಹ ಕ್ಲಿನಿಕ್ ಶಾಲೆ ಬಿಟ್ಟ ಮೇಲೂ ತೆರೆದಿರುತ್ತದೆಯೇ? ಮಕ್ಕಳ ಸಹಾಯವಾಣಿ 1098ರ ಸಂಖ್ಯೆಯನ್ನು ಹುಡುಗಿಯರ ಶೌಚಾಲಯದ ಬಾಗಿಲ ಒಳಬದಿಗೆ ಬರೆಸಿದ್ದಾರೆಯೇ? ಅದನ್ನು ಯಾರ ಕಣ್ಣಿಗೂ ಬೀಳದೆ ಓದಿಕೊಳ್ಳಬಹುದಾದ ಜಾಗ ಶಾಲೆಯಲ್ಲಿ ಅದೊಂದೇ.