ಹರ್ಬೇರಿಯಮ್ ಹಾಳೆಯ ಖಾಲಿ ಸಾಲು

ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವರ ಮನೆಯ ಅಟ್ಟದಲ್ಲಿ ಹರ್ಬೇರಿಯಮ್ ಹಾಳೆಗಳ, ಅಂದರೆ ಗಿಡಗಳನ್ನು ಒಣಗಿಸಿ ಅಂಟಿಸಿದ ಹಾಳೆಗಳ, ಹಳೆಯ ಕಟ್ಟೊಂದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಕಳೆದ ವಾರ ನನ್ನ ಕಟ್ಟನ್ನು ಬಿಸಿಲಿಗಿಡಲೆಂದು ಕೆಳಗಿಳಿಸಿದವನು ಇಡೀ ಮಧ್ಯಾಹ್ನ ಅದರ ಮುಂದೆಯೇ ಕುಳಿತುಬಿಟ್ಟೆ. ಪ್ರತಿ ಹಾಳೆಯ ಬಲಗಡೆಯ ಕೆಳಮೂಲೆಯಲ್ಲಿ ಅಂಟಿಸಿದ ಲೇಬಲಿನಲ್ಲಿ ಕುಟುಂಬ, ವೈಜ್ಞಾನಿಕ ಹೆಸರು, ಸಂಗ್ರಹಿಸಿದ ಸ್ಥಳ, ದಿನಾಂಕ ಎಲ್ಲವನ್ನೂ ಅಂದವಾಗಿ ಬರೆದಿದ್ದೇನೆ. ‘ಸ್ಥಳೀಯ ಹೆಸರು’ ಎಂಬ ಸಾಲು ಮಾತ್ರ ಬಹುತೇಕ ಹಾಳೆಗಳಲ್ಲಿ ಖಾಲಿ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನಲ್ಲಿ ತುಳು, ಕನ್ನಡ, ಮಲಯಾಳ ಮೂರರಲ್ಲೂ ಗಿಡಗಳ ಹೆಸರು ಕೇಳುತ್ತಾ ಬೆಳೆದವನ ಹಾಳೆಗಳಿವು!

ಖಾಲಿ ಬಿಟ್ಟದ್ದಕ್ಕೆ ಕಾರಣವಿತ್ತು. ಗಡಿ ದಾಟಿ ಕರ್ನಾಟಕದಲ್ಲಿ ನಾನು ಸೇರಿದ ದೊಡ್ಡ ಸರಕಾರಿ ವಿಶ್ವವಿದ್ಯಾನಿಲಯದ ಮೊದಲ ಪ್ರಾಯೋಗಿಕ ತರಗತಿಯಲ್ಲಿ ಆಲ್‌ಸ್ಟೋನಿಯಾ ಸ್ಕಾಲರಿಸ್ ಹಾಳೆಯ ಮೇಲೆ ‘ಪಾಲೆ’ ಎಂದು ಬರೆದಿದ್ದೆ. ಅಧ್ಯಾಪಕರು ಅದನ್ನು ಓದಿ, “ಇದು ಯಾವ ಕನ್ನಡ? ಸಪ್ತಪರ್ಣಿ ಎಂದು ಬರೆಯಿರಿ, ಇಲ್ಲವಾದರೆ ಬಿಟ್ಟುಬಿಡಿ” ಎಂದರು. ಅವರು ಕೆಟ್ಟವರೇನಲ್ಲ, ಆ ಸಾಲಿಗೆ ಅಂಕವೂ ಇರಲಿಲ್ಲ. ನಾನು ಎರಡನೆಯ ದಾರಿಯನ್ನು ಹಿಡಿದೆ.

ಆ ವಿಭಾಗ ನನಗೆ ಕೊಟ್ಟದ್ದು ಕಡಿಮೆಯೇನಲ್ಲ. ವೈದ್ಯಕೀಯ ಸೀಟು ಸಿಗದೆ ಬಂದವರು ಎಂದು ಊರವರು ಮರುಗುತ್ತಿದ್ದ ನಮ್ಮಂಥವರಿಗೆ, ಹೂವನ್ನು ಸೀಳಿ ಅಂಡಾಶಯ ಮೇಲಿದೆಯೋ ಕೆಳಗಿದೆಯೋ ಎಂದು ಸೂಕ್ಷ್ಮವಾಗಿ ನೋಡುವ ಕಣ್ಣನ್ನು ಅದು ಬಹಳ ಕಡಿಮೆ ಶುಲ್ಕಕ್ಕೆ ಕೊಟ್ಟಿತು. ಗ್ರಂಥಾಲಯದಲ್ಲಿ ಬ್ರಿಟಿಷ್ ಸಸ್ಯಶಾಸ್ತ್ರಜ್ಞ ಗ್ಯಾಂಬಲ್ ಆರಂಭಿಸಿದ ಮದರಾಸು ಪ್ರಾಂತ್ಯದ ಸಸ್ಯಸಂಪದದ ಸಂಪುಟಗಳಿದ್ದವು. ನಮ್ಮ ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯೊಂದಿಗೆ ಮದರಾಸಿಗೆ ಸೇರಿದ್ದ ಕಾಲದ, 1915ರಲ್ಲಿ ಆರಂಭವಾದ ಆ ಕೃತಿಗೆ ತಲಪಾಡಿಯ ಗಡಿ ಗೊತ್ತಿಲ್ಲ. ಗಿಡಗಳಿಗೂ ಗೊತ್ತಿಲ್ಲವೆನ್ನಿ.

ಸ್ಥಳೀಯ ಹೆಸರನ್ನು ನಂಬಬಾರದೆಂಬ ವರ್ಗೀಕರಣಕಾರರ ವಾದದಲ್ಲಿ ಹುರುಳಿದೆ. ಅದು ಗಡಿನಾಡಿನವರಿಗೆ ಅರ್ಥವಾಗುವಷ್ಟು ಬೇರೆಯವರಿಗೆ ಅರ್ಥವಾಗಲಾರದು. ನಾವು ತಿಮರೆ ಎಂದು ಚಟ್ನಿ ಅರೆಯುವ ಒಂದೆಲಗವನ್ನು, ಅಂದರೆ ಸೆಂಟೆಲ್ಲಾ ಏಷಿಯಾಟಿಕಾವನ್ನು, ಕನ್ನಡದಲ್ಲಿ ಅನೇಕರು ಬ್ರಾಹ್ಮಿ ಎನ್ನುತ್ತಾರೆ. ಮಲಯಾಳದಲ್ಲಿ ಬ್ರಾಹ್ಮಿಯೆಂದರೆ ಬಕೋಪಾ ಮೊನ್ನಿಯೇರಿ. ಒಂದು ಕೊತ್ತಂಬರಿಯ ಕುಟುಂಬದ್ದು, ಇನ್ನೊಂದಕ್ಕೆ ಆ ಕುಟುಂಬದ ನಂಟೇ ಇಲ್ಲ. ಕಾಸರಗೋಡಿನ ಪೇಟೆಯಲ್ಲಿ ಬ್ರಾಹ್ಮಿ ಕೇಳಿದವನ ಕೈಗೆ ಯಾವುದು ಬರುತ್ತದೆ ಎಂಬುದು ಅಂಗಡಿಯವರ ಮನೆಮಾತನ್ನು ಅವಲಂಬಿಸಿದೆ. ಲ್ಯಾಟಿನ್ ಹೆಸರು ಬೇಕಾಗುವುದು ಇಲ್ಲಿಯೇ. ಆದರೆ ಯಾರು, ಯಾವ ಊರಿನಲ್ಲಿ, ಯಾವ ಭಾಷೆಯಲ್ಲಿ ಯಾವ ಗಿಡವನ್ನು ಹಾಗೆ ಕರೆಯುತ್ತಾರೆ ಎಂಬ ದಾಖಲೆ ಒಣಗಿಸಿದ ಗಿಡದ ಪಕ್ಕದಲ್ಲಿಯೇ ಇಲ್ಲದಿದ್ದರೆ ಈ ಗೊಂದಲವನ್ನು ಬಿಡಿಸುವುದಾದರೂ ಹೇಗೆ? ಹೆಸರು ಗೊಂದಲ ಹುಟ್ಟಿಸುತ್ತದೆ ಎಂಬುದು ಅದನ್ನು ಇನ್ನಷ್ಟು ಎಚ್ಚರದಿಂದ ಬರೆಯಲು ಕಾರಣವೇ ಹೊರತು ಬಿಟ್ಟುಬಿಡಲು ಅಲ್ಲ.

ಪಾಲೆಯ ವಿಷಯಕ್ಕೇ ಬರುತ್ತೇನೆ. ತುಳುವರ ಆಟಿ ತಿಂಗಳ ಅಮಾವಾಸ್ಯೆಯಂದು ಬೆಳಕು ಹರಿಯುವ ಮೊದಲೇ ಹೋಗಿ, ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ಅದರ ಕೆತ್ತೆ, ಅಂದರೆ ತೊಗಟೆ, ತಂದು, ಬೆಳ್ಳುಳ್ಳಿ ಕಾಳುಮೆಣಸು ಹಾಕಿ ಕಷಾಯ ಮಾಡುವುದು ನಮ್ಮ ಕಡೆಯ ರೂಢಿ. ಇದೇ ಗುಡ್ಡಗಳಲ್ಲಿ ಕಾಸರಕನ ಮರವೂ ಇದೆ. ಕಾಸರಗೋಡು ಎಂಬ ಹೆಸರೇ ಅದರಿಂದ ಬಂದುದೆಂದು ಹೇಳುವವರಿದ್ದಾರೆ. ಅದರ ಕೆತ್ತೆಯಲ್ಲೂ ಬೀಜದಲ್ಲೂ ಬ್ರೂಸಿನ್, ಸ್ಟ್ರಿಕ್ನಿನ್ ಎಂಬ ವಿಷಗಳಿವೆ. ಕತ್ತಲಲ್ಲಿ ಮರ ತಪ್ಪಿದರೆ ಕಷಾಯ ಜೀವವನ್ನೇ ತೆಗೆದೀತು. ಪಾಲೆಯ ಎಲೆಗಳು ಗೆಣ್ಣಿನ ಸುತ್ತ ನಾಲ್ಕರಿಂದ ಏಳರಂತೆ ಕೊಡೆಯಾಗಿ ನಿಲ್ಲುತ್ತವೆ, ಗಾಯವಾದಲ್ಲಿ ಹಾಲು ಸುರಿಯುತ್ತದೆ. ಕಾಸರಕದ ಎಲೆಗಳು ಎದುರುಬದುರು, ಬುಡದಿಂದಲೇ ಮೂರೋ ಐದೋ ನರಗಳು, ಹಾಲಿಲ್ಲ. ನನ್ನ ಅಜ್ಜಿ ಹಗಲಿನಲ್ಲೇ ಮರವನ್ನು ನೋಡಿಟ್ಟು ದಾರ ಕಟ್ಟಿ ಬರಲು ಹೇಳುತ್ತಿದ್ದರು. ಎರಡು ವರ್ಷ ಓದಿದ ಮೇಲೆ, ಅವರು ಹೇಳುತ್ತಿದ್ದ ಗುರುತುಗಳೂ ನಮ್ಮ ಕೈಪಿಡಿಯ ಗುರುತುಗಳೂ ಒಂದೇ ಎಂದು ನನಗೆ ತಿಳಿಯಿತು. ಆ ಹಾಳೆಯ ಲೇಬಲಿನಲ್ಲಿ ಮಾತ್ರ ಅಜ್ಜಿಯ ಮಾತಿಗೆ ಜಾಗವಿರಲಿಲ್ಲ.

ನಮ್ಮ ಶಾಸ್ತ್ರ ಶುರುವಾದದ್ದು ಹೀಗಲ್ಲ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾದ ‘ಹಾರ್ಟಸ್ ಮಲಬಾರಿಕಸ್’ನಲ್ಲಿ ಮಲಬಾರಿನ ಡಚ್ ಆಡಳಿತಗಾರ ವಾನ್ ರೀಡ್ ಗಿಡಗಳ ಚಿತ್ರದೊಂದಿಗೆ ಊರಿನ ಹೆಸರುಗಳನ್ನು ಮುದ್ರಿಸಿದ; ಇಟ್ಟಿ ಅಚ್ಯುತನ್ ಎಂಬ ವೈದ್ಯರೂ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಕೊಂಕಣಿ ಪಂಡಿತರೂ ಅದಕ್ಕೆ ನೆರವಾದರು. ಗಿಡಗಳಿಗೆ ಎರಡು ಪದಗಳ ಲ್ಯಾಟಿನ್ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದ ಲಿನೇಯಸ್ ಮಲಬಾರಿನ ಗಿಡಗಳಿಗೆ ಆ ಸಂಪುಟಗಳನ್ನೇ ನೆಚ್ಚಿದ್ದ. ಅಡಿಕೆಯ ಕುಲನಾಮವಾದ ಅರೇಕಾ ನಮ್ಮ ಕರಾವಳಿಯ ಅಡಕ್ಕ, ಅಡಕೆಗಳ ಮಗುವೇ. ಆ ಸಂಪುಟಗಳನ್ನು ದಶಕಗಳ ದುಡಿಮೆಯಿಂದ ಇಂಗ್ಲಿಷಿಗೂ ಮಲಯಾಳಕ್ಕೂ ತಂದ ಕೆ.ಎಸ್. ಮಣಿಲಾಲ್ ಕಲ್ಲಿಕೋಟೆ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರ ಪ್ರಾಧ್ಯಾಪಕರಾಗಿದ್ದರು.

ನಮ್ಮದೇ ಜಿಲ್ಲೆಯ ಪೆರಿಯದ ತೋಡಿನಲ್ಲಿ ಬೆಳೆಯುವ ಬಿಳಿಹೂವಿನ ಗಿಡವೊಂದಕ್ಕೆ 2012ರಲ್ಲಿ ಕ್ರೈನಮ್ ಮಲಬಾರಿಕಮ್ ಎಂದು ಹೆಸರಿಟ್ಟವರು ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾನಿಲಯದ ಸಂಶೋಧಕರು. 2023ರಲ್ಲಿ ಅದು ಜಿಲ್ಲೆಯ ಹೂವಾಯಿತು, ಕಾಸರಕ ಜಿಲ್ಲೆಯ ಮರವಾಯಿತು. ದೂರದವರು ಬಂದು ಕಂಡರೆಂದು ನನಗೆ ಹೊಟ್ಟೆಕಿಚ್ಚಿಲ್ಲ, ಸ್ವಲ್ಪ ನಾಚಿಕೆಯಿದೆ.

ನನ್ನ ಕೋರಿಕೆ ಚಿಕ್ಕದು. ಪ್ರಾಯೋಗಿಕ ಪರೀಕ್ಷೆಯಲ್ಲಿ ಹರ್ಬೇರಿಯಮ್‌ಗಿರುವ ಅಂಕಗಳಲ್ಲಿ ಐದನ್ನಾದರೂ ಸ್ಥಳೀಯ ಹೆಸರಿಗೆ ಮೀಸಲಿಡಲಿ. ಹೆಸರಿನ ಜೊತೆ ಭಾಷೆ ಮತ್ತು ಹೇಳಿದವರ ಊರನ್ನು ಬರೆಯುವುದು ಕಡ್ಡಾಯವಾಗಲಿ. ರಾಜ್ಯದ ಮೂಲೆಮೂಲೆಯಿಂದ ವಿದ್ಯಾರ್ಥಿಗಳು ಬರುವ ದೊಡ್ಡ ವಿಶ್ವವಿದ್ಯಾನಿಲಯದಲ್ಲಿ ಇದಕ್ಕೆ ಅನುದಾನವೂ ಬೇಡ, ಯೋಜನೆಯೂ ಬೇಡ.

ಆ ಮಧ್ಯಾಹ್ನ ಪೆನ್ಸಿಲ್ ಹಿಡಿದು ನೆನಪಿದ್ದಷ್ಟನ್ನು ತುಂಬಿದೆ: ಪಾಲೆ, ಕೇಪಳ, ತಿಮರೆ, ಪುನರ್ಪುಳಿ. ಹನ್ನೊಂದು ಹಾಳೆಗಳು ಇನ್ನೂ ಉಳಿದಿವೆ. ಅವುಗಳಲ್ಲಿ ಒಂದು, ಮಳೆಗಾಲದಲ್ಲಿ ಪದವಿನ, ಅಂದರೆ ಮುರಕಲ್ಲಿನ ಬಯಲಿನ, ಕಲ್ಲುಹೊಂಡಗಳ ಅಂಚಿನಲ್ಲಿ ಗೇಣುದ್ದದ ಕಡ್ಡಿಯ ತುದಿಗೆ ಬಿಳಿ ಗುಂಡಿ ಹೊಲಿದಂತೆ ಹೂ ಬಿಡುವ ಎರಿಯೊಕಾಲಾನ್. ಎಣ್ಮಕಜೆ, ಪೈವಳಿಕೆ, ಕುಂಬಳೆ ಕಡೆಯ ಹಿರಿಯರು ಇದನ್ನು ಏನೆಂದು ಕರೆಯುತ್ತಾರೆ ಎಂದು ಗೊತ್ತಿದ್ದವರು, ಊರಿನ ಹೆಸರಿನೊಂದಿಗೆ ದಯವಿಟ್ಟು ತಿಳಿಸಿ.